ಅಂಗಡಿಯಲ್ಲಿ ಗ್ಯಾಸ್, ಪೆಟ್ರೋಲ್, ಪಟಾಕಿ: ಎಷ್ಟಿಡಬಹುದು? ಯಾರ ಅನುಮತಿ ಬೇಕು?

ಭಾರತೀನಗರ: ಅಪಾಯಕಾರಿ ವಸ್ತುಗಳ ಕಾನೂನು ದೊಡ್ಡ ಕಾರ್ಖಾನೆಗಳಿಗಷ್ಟೇ ಅಲ್ಲ, ಹೋಟೆಲ್, ಗೊಬ್ಬರದಂಗಡಿ, ಕಿರಾಣಿ ಅಂಗಡಿಗಳಿಗೂ ಅನ್ವಯಿಸುತ್ತದೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದನ್ನು ಮರೆಯುವಂತಿಲ್ಲ. ವರ್ತಕರು ತಿಳಿದಿರಬೇಕಾದ್ದು ಇಷ್ಟು:

ಗ್ಯಾಸ್: ಪರವಾನಗಿ ಇಲ್ಲದೆ ಒಟ್ಟು 100 ಕೆ.ಜಿ. ವರೆಗೆ ಮಾತ್ರ ಇಡಬಹುದು. ಅಂದರೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಐದೇ.

ಪೆಟ್ರೋಲ್: ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪರವಾನಗಿ ಬೇಡ. ಮಾರಾಟಕ್ಕೆ ಈ ವಿನಾಯಿತಿ ಇಲ್ಲ. ಪರವಾನಗಿ ಇಲ್ಲದೆ ಬಾಟಲಿಗೆ ತುಂಬಿ ಮಾರಿದರೆ ಅಪರಾಧ.

ಕೀಟನಾಶಕ: ಮಾರಲು ಕೃಷಿ ಇಲಾಖೆಯ ಪರವಾನಗಿ ಬೇಕು. ಬೇರೆ ಕೋಣೆಯಲ್ಲಿ ಅಥವಾ ಬೀಗ ಹಾಕಿದ ಪ್ರತ್ಯೇಕ ಕಪಾಟಿನಲ್ಲಿ ಇಡಬೇಕು. ಅಕ್ಕಿ, ಬೇಳೆ ಜತೆ ಇಡಲೇಬಾರದು.

ಪಟಾಕಿ: ಹಬ್ಬದ ತಾತ್ಕಾಲಿಕ ಮಳಿಗೆಗೂ ಜಿಲ್ಲಾಡಳಿತದ ಪರವಾನಗಿ ಬೇಕು. ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು, ಎದುರುಬದುರು ಇರಬಾರದು.

ಕಾರ್ಖಾನೆ: ನಿಗದಿತ ಪ್ರಮಾಣ ಮೀರಿ ರಾಸಾಯನಿಕ ಇಟ್ಟವರು ತುರ್ತು ಯೋಜನೆ ಬರೆದಿಟ್ಟು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ದೊಡ್ಡ ಅವಘಡವಾದರೆ 48 ಗಂಟೆಯೊಳಗೆ ವರದಿ ಕಡ್ಡಾಯ. ಕಾರ್ಖಾನೆಯ ಹೊರಗಿನ ಜನರನ್ನು ಕಾಪಾಡುವ ಯೋಜನೆ ಜಿಲ್ಲಾಡಳಿತದ್ದು.

ಬೆಂಕಿ ಬಿದ್ದರೆ 112 ಅಥವಾ 101ಕ್ಕೆ ಕರೆ ಮಾಡಿ. ಒಳಗೆ ಏನಿದೆ, ಎಷ್ಟಿದೆ ಅಂತ ಮೊದಲೇ ಹೇಳಿಬಿಡಿ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಅದು ಆರುವುದಿಲ್ಲ, ಪಕ್ಕದ ಅಂಗಡಿಗೂ ಹರಡುತ್ತದೆ.