ಅಸಲಿನ ಇಮ್ಮಡಿ: ಸಾಲಗಾರನ ರಕ್ಷಣೆಯ ಒಂದು ಕಟ್ಟಳೆ

ಬಾಕಿ ಬಡ್ಡಿಯು ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ’ ನಿಯಮದ ಹೆಸರು ಮರಾಠಿಯದು. ಅದರ ಶಾಸ್ತ್ರಾಧಾರಗಳಲ್ಲೊಂದು ರಚಿತವಾದದ್ದು ಕನ್ನಡನಾಡಿನ ಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಋಣಾದಾನ ಪ್ರಕರಣದಲ್ಲಿ ಸಾಲ ಬೆಳೆಯಬಹುದಾದ ಪರಮಾವಧಿ ಚಿನ್ನಕ್ಕೆ ಎರಡು ಪಟ್ಟು, ಧಾನ್ಯಕ್ಕೆ ಮೂರು, ವಸ್ತ್ರಕ್ಕೆ ನಾಲ್ಕು. ಉತ್ತರಾಧಿಕಾರದ ಚರ್ಚೆಗೆಂದೇ ಮಿತಾಕ್ಷರೆಯನ್ನು ತೆರೆಯುವವರು ಈ ಪುಟಗಳನ್ನು ಮಗುಚಿ ಹೋಗುವುದೇ ಹೆಚ್ಚು.

ಬ್ರಿಟಿಷ್ ಆಳ್ವಿಕೆಯಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇದನ್ನು ಹಿಂದೂ ಸಾಲಗಾರರಿಗೆ ಅನ್ವಯಿಸಿದವು. ಧಾರವಾಡ, ವಿಜಾಪುರಗಳಿಗೆ ಅದು ಒದಗಿತು. ಮದರಾಸು ಪ್ರಾಂತದ ದಕ್ಷಿಣ ಕನ್ನಡಕ್ಕೆ, ಎಂದರೆ ಇಂದು ಕೇರಳದಲ್ಲಿರುವ ಕಾಸರಗೋಡಿಗೂ, ಒದಗಲಿಲ್ಲ. ಅಲ್ಲಿ 1938ರ ಮದರಾಸು ಕೃಷಿಕರ ಪರಿಹಾರ ಕಾಯಿದೆಯು, 1932ರ ಅಕ್ಟೋಬರ್ 1ಕ್ಕೆ ಮುಂಚಿನ ಸಾಲದಲ್ಲಿ ಅಸಲಿನ ಇಮ್ಮಡಿ ಸಂದಿದ್ದರೆ ಸಾಲವೇ ತೀರಿತೆಂದು ವಿಧಿಸಿತು. ಎರಡೂ ಒಂದೇ ಎನ್ನಲಾಗದು. ದಾಮದುಪ್ಪಟವು ಬಾಕಿಯನ್ನಷ್ಟೇ ನೋಡಿತು; ವರ್ಷವರ್ಷವೂ ಬಡ್ಡಿ ಕಟ್ಟಿದವನಿಗೆ ಅದರಿಂದ ಬಿಡುಗಡೆಯಿರಲಿಲ್ಲ. ಕಾಯಿದೆಯು ಕಟ್ಟಿದ್ದೆಲ್ಲವನ್ನೂ ಎಣಿಸಿತು.