ಬೆಲ್ಲ-ಸೆಗಣಿಯ 'ಕಾಂಪೋಸ್ಟ್ ಟೀ' ಮನೆಯೊಳಗಿನ ಗಿಡಕ್ಕೆ ಒಳ್ಳೆಯದೇ? ಸರಿಯಾದ ಮಣ್ಣು, ಸರಿಯಾದ ಅಳತೆ

ಗಿಡ ಬೆಳೆಸುವವರ ವಾಟ್ಸಪ್ ಗುಂಪುಗಳಲ್ಲಿ ಪದೇ ಪದೇ ಬರುವ ಸಲಹೆಯೊಂದಿದೆ. ಹೊಲದ ಮಣ್ಣು 'ಜೀವಂತ ಮಣ್ಣು', ಅದನ್ನೇ ಕುಂಡಕ್ಕೆ ತುಂಬಿ. ಸೆಗಣಿ, ಗೋಮೂತ್ರ, ಬೆಲ್ಲ, ಕಡಲೆ ಹಿಟ್ಟು ಕಲೆಸಿ ಎರಡು ದಿನ ಇಟ್ಟ ನೀರನ್ನು ವಾರಕ್ಕೊಮ್ಮೆ ಸುರಿಯಿರಿ. ಬೇರೆ ಗೊಬ್ಬರ ಬೇಡ, ರೋಗವೂ ಬರುವುದಿಲ್ಲ ಎಂಬುದು ಅದರ ಸಾರ.

ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ಒಂದು ಭಾಗ ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಅಪಾಯಕಾರಿಯೂ ಹೌದು.

ಚುಟುಕಾಗಿ

- ಮಣ್ಣಿನ ಸೂಕ್ಷ್ಮಜೀವಿಗಳು ಗಿಡಕ್ಕೆ ನೆರವಾಗುತ್ತವೆ: ನಿಜ
- ಹೊಲದ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬಹುದು: ತಪ್ಪು
- ಕಾಂಪೋಸ್ಟ್ ಟೀ ಇದ್ದರೆ ಬೇರೆ ಗೊಬ್ಬರ ಬೇಡ: ತಪ್ಪು
- ಸೆಗಣಿ-ಬೆಲ್ಲದ ನೀರನ್ನು ಮನೆಯ ಕೊತ್ತಂಬರಿ, ಪುದೀನ ಮೇಲೆ ಸಿಂಪಡಿಸಬಹುದು: ಅಪಾಯ

'ಜೀವಂತ ಮಣ್ಣು' ಎಂದರೇನು?

ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು. ಜೊತೆಗೆ ಶಿಲೀಂಧ್ರ, ಏಕಕೋಶ ಜೀವಿಗಳು, ಕಣ್ಣಿಗೆ ಕಾಣದ ಹುಳುಗಳೂ ಇರುತ್ತವೆ. ಇವು ಎಲೆ, ಬೇರು, ಗೊಬ್ಬರವನ್ನು ಕೊಳೆಸಿ ಅದರಲ್ಲಿನ ಸಾರಜನಕ, ರಂಜಕಗಳನ್ನು ಬೇರು ಹೀರಬಲ್ಲ ರೂಪಕ್ಕೆ ತರುತ್ತವೆ.

ಆದರೆ ಈ ಜೀವಿಗಳು ಬದುಕಲು ಮೂರು ಬೇಕು: ಕೊಳೆಯುವ ಸಾವಯವ ಪದಾರ್ಥ, ತೇವ ಮತ್ತು ಗಾಳಿ. ಹೊರಗಿನಿಂದ ಎಷ್ಟೇ ಸೂಕ್ಷ್ಮಜೀವಿ ತಂದು ಸುರಿದರೂ ಈ ಮೂರರಲ್ಲಿ ಒಂದು ತಪ್ಪಿದರೆ ಅವು ಉಳಿಯುವುದಿಲ್ಲ. ಕುಂಡದಲ್ಲಿ ಸಾಮಾನ್ಯವಾಗಿ ತಪ್ಪುವುದು ಗಾಳಿ.

ಹೊಲದಲ್ಲಿ ಬಂಗಾರ, ಕುಂಡದಲ್ಲಿ ಇಟ್ಟಿಗೆ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಅಲ್ಲಿಂದ ಅಣ್ಣಿಗೇರಿ, ಕುಂದಗೋಳದವರೆಗೂ ಹಬ್ಬಿರುವುದು ಎರೆಭೂಮಿ. ಹತ್ತಿ, ಕಡಲೆ, ಗೋದಿ, ಜೋಳ ಬೆಳೆಯುವ ಈ ಕಪ್ಪು ಮಣ್ಣಿನ ಶಕ್ತಿ ಅದರ ಜೇಡಿ. ನೀರು ಬಿದ್ದಾಗ ಉಬ್ಬಿ ತೇವವನ್ನು ಹಿಡಿದಿಡುತ್ತದೆ. ಅದಕ್ಕೇ ಹಿಂಗಾರಿನಲ್ಲಿ ಮಳೆ ನಿಂತ ಮೇಲೂ ಕಡಲೆ ಬೆಳೆಯುತ್ತದೆ. ಒಣಗಿದಾಗ ಅದೇ ಜೇಡಿ ಕುಗ್ಗಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ.

ಹೊಲದಲ್ಲಿ ಈ ಬಿರುಕುಗಳಿಂದ ಗಾಳಿ, ಮೊದಲ ಮಳೆಯ ನೀರು ಆಳಕ್ಕೆ ಇಳಿಯುತ್ತವೆ. ಕುಂಡದಲ್ಲಿ ಆಗುವುದೇ ಬೇರೆ:

1. ನೀರು ಹಾಕಿದಾಗ ಮಣ್ಣು ಉಬ್ಬಿ ಗಾಳಿಯ ಸಂದುಗಳು ಮುಚ್ಚುತ್ತವೆ. ಬೇರು ಉಸಿರುಗಟ್ಟಿ ಕೊಳೆಯುತ್ತದೆ.
2. ಒಣಗಿದಾಗ ಮಣ್ಣು ಗಟ್ಟಿಯಾಗಿ ಕುಂಡದ ಗೋಡೆಯನ್ನು ಬಿಡುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿನಿಂದ ನೇರ ಕೆಳಗಿನ ತೂತಿಗೆ ಹರಿಯುತ್ತದೆ. ತಟ್ಟೆಯಲ್ಲಿ ನೀರು ಕಂಡು ನಾವು 'ಸಾಕು' ಎನ್ನುತ್ತೇವೆ, ಒಳಗಿನ ಬೇರು ಒಣಗಿಯೇ ಇರುತ್ತದೆ.
3. ಎರೆಮಣ್ಣಿನಲ್ಲಿ ಸುಣ್ಣದಂಶವಿದ್ದು ಅದು ಸಾಮಾನ್ಯವಾಗಿ ಕ್ಷಾರೀಯ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು.

ಹುಬ್ಬಳ್ಳಿ-ಧಾರವಾಡದ ಮನೆಗೆ ಊರಿನ ಹೊಲದಿಂದ ಒಂದು ಚೀಲ ಮಣ್ಣು ತಂದು ಮನಿ ಪ್ಲಾಂಟ್ ನೆಟ್ಟು, ಅದು ಸೊರಗಿದರೆ ಮಣ್ಣು 'ಸತ್ತಿದೆ' ಎಂದು ಬೇಸರಪಡಬೇಡಿ. ಆ ಮಣ್ಣು ಇರಬೇಕಾದ ಜಾಗ ಹೊಲ. ಕುಂಡಕ್ಕೆ ಅದನ್ನು ಸ್ವಲ್ಪವೇ ಬೆರೆಸಬೇಕು.

ಮನೆಯೊಳಗಿನ ಕುಂಡಕ್ಕೆ ಮಿಶ್ರಣ

ಒಂದೇ ಬೋಗುಣಿಯಿಂದ ಅಳೆಯಿರಿ, ತೂಕ ಬೇಡ:

- ತೊಳೆದ ತೆಂಗಿನ ನಾರಿನ ಪುಡಿ (ಕೋಕೋಪೀಟ್): 4 ಬೋಗುಣಿ
- ಚೆನ್ನಾಗಿ ಮಾಗಿದ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ: 3 ಬೋಗುಣಿ
- ಗಾಳಿಯಾಡಿಸುವ ವಸ್ತು: 2 ಬೋಗುಣಿ. ಕರಕಾದ ಭತ್ತದ ಹೊಟ್ಟು, ಕಡಲೆ ಗಾತ್ರದ ಇಟ್ಟಿಗೆ ಚೂರು ಅಥವಾ ಪರ್ಲೈಟ್ ಆಗುತ್ತದೆ. ಕಲಘಟಗಿಯಂಥ ಭತ್ತ ಬೆಳೆಯುವ ಕಡೆ ಹೊಟ್ಟು ಸುಲಭವಾಗಿ ಸಿಗುತ್ತದೆ
- ಒಣಗಿಸಿ ಪುಡಿ ಮಾಡಿದ ಎರೆಮಣ್ಣು: 1 ಬೋಗುಣಿ
- ಬೇವಿನ ಹಿಂಡಿ: ಪ್ರತಿ 10 ಲೀಟರ್ ಮಿಶ್ರಣಕ್ಕೆ ಒಂದು ಹಿಡಿ

ಎರೆಮಣ್ಣು ಇಲ್ಲಿ ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುವ ಕೆಲಸ ಮಾಡುತ್ತದೆ. ಅದಕ್ಕೆ ಹತ್ತರಲ್ಲಿ ಒಂದು ಪಾಲು ಸಾಕು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ತೆಗೆಯಿರಿ.

ಎಲ್ಲವನ್ನೂ ಕಲೆಸಿ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಸುರಿಯಬಾರದು, ಬೆರಳಿನಿಂದ ಒತ್ತಿದರೆ ಉದುರಬೇಕು. ನೆರಳಿನಲ್ಲಿ ಗೋಣಿ ಮುಚ್ಚಿ 2ರಿಂದ 3 ವಾರ ಇಡಿ. ಸೂಕ್ಷ್ಮಜೀವಿಗಳು ನೆಲೆಗೊಳ್ಳುವುದು ಈ ಅವಧಿಯಲ್ಲಿ. ಅವು ಕಾಂಪೋಸ್ಟಿನಲ್ಲೇ ಇರುತ್ತವೆ, ಬೇರೆ 'ಕಲ್ಚರ್' ಬಾಟಲಿ ಕೊಳ್ಳಬೇಕಿಲ್ಲ.

ಕಾಂಪೋಸ್ಟ್ ಮಾಗಿದೆಯೇ? ಎರಡು ಪರೀಕ್ಷೆ

*ವಾಸನೆ:* ಒಂದು ಹಿಡಿ ಒದ್ದೆ ಕಾಂಪೋಸ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 3 ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಮೂಗಿಗೆ ಅಡರುವ ಅಮೋನಿಯಾ ಅಥವಾ ಕೊಳೆತ ವಾಸನೆ ಬಂದರೆ ಇನ್ನೂ ಮಾಗಿಲ್ಲ.

*ಬೀಜ:* ಕಾಂಪೋಸ್ಟಿನಲ್ಲಿ 10 ಮೆಂತ್ಯ ಕಾಳು, ಸಾಮಾನ್ಯ ಮಣ್ಣಿನಲ್ಲಿ 10 ಕಾಳು ಬಿತ್ತಿ. ಕಾಂಪೋಸ್ಟಿನಲ್ಲಿ ತೀರಾ ಕಡಿಮೆ ಮೊಳೆತರೆ ಅದನ್ನು ಇನ್ನಷ್ಟು ದಿನ ಬಿಡಿ. ತಿಪ್ಪೆಯಿಂದ ಹಸಿಹಸಿಯಾಗಿ ತಂದ ಗೊಬ್ಬರ ಮನೆಯೊಳಗೆ ಬೇಡ.

ಎಕರೆಯ ಲೆಕ್ಕ ಕುಂಡಕ್ಕೆ ಬಂದರೆ?

ಫಾರ್ವರ್ಡ್‌ಗಳಲ್ಲಿ ಬರುವ ಬೆಲ್ಲ-ಸೆಗಣಿಯ 'ಟೀ' ನಮ್ಮ ರೈತರಿಗೆ ಗೊತ್ತಿರುವ ಜೀವಾಮೃತವೇ. ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿಯ ಮೂಲಕ ಇದು ಕರ್ನಾಟಕದಲ್ಲಿ ಮನೆಮಾತಾಯಿತು. 200 ಲೀಟರ್ ನೀರಿಗೆ 10 ಕೆ.ಜಿ. ಸೆಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದು ಒಂದು ಎಕರೆಗೆ.

ಈಗ ಲೆಕ್ಕ ಮಾಡಿ. ಒಂದು ಎಕರೆ ಎಂದರೆ 43,560 ಚದರ ಅಡಿ. 200 ಲೀಟರನ್ನು ಹಂಚಿದರೆ ಚದರ ಅಡಿಗೆ ಸುಮಾರು 4.6 ಮಿ.ಲೀ. ಬಾಯಿ 10 ಇಂಚು ಅಗಲದ ಕುಂಡದ ಪಾಲಿಗೆ ಬರುವುದು ಸುಮಾರು 2.5 ಮಿ.ಲೀ., ಅಂದರೆ ಅರ್ಧ ಟೀ ಚಮಚ! ನಾವು ಸುರಿಯುವುದು ಒಂದು ಲೋಟ. 200 ಮಿ.ಲೀ. ಲೋಟವಾದರೆ ಹೊಲದ ಅಳತೆಯ 80 ಪಟ್ಟು. ಅಷ್ಟು ಬೆಲ್ಲ, ಹಿಟ್ಟು ಸಣ್ಣ ಕುಂಡದಲ್ಲಿ ಕೊಳೆಯುವಾಗ ಗಾಳಿ ಖಾಲಿಯಾಗುತ್ತದೆ, ವಾಸನೆ ಬರುತ್ತದೆ, ಸಣ್ಣ ಕಪ್ಪು ನೊಣಗಳು ಏಳುತ್ತವೆ.

ಪೋಷಕಾಂಶವಾದರೂ ಸಿಗುತ್ತದೆಯೇ? ಸ್ಥೂಲ ಲೆಕ್ಕದಲ್ಲಿ ಆ 200 ಲೀಟರಿನಲ್ಲಿರುವ ಒಟ್ಟು ಸಾರಜನಕ 150ರಿಂದ 200 ಗ್ರಾಂ ಮಾತ್ರ. ಎಕರೆ ಬೆಳೆಗೆ ಬೇಕಾಗುವುದು ಕೆ.ಜಿ.ಗಟ್ಟಲೆ. ಜೀವಾಮೃತ ಗೊಬ್ಬರವಲ್ಲ, ಸೂಕ್ಷ್ಮಜೀವಿಗಳ ಹೆಪ್ಪು ಎಂದು ಅದರ ಪ್ರತಿಪಾದಕರೇ ಹೇಳುತ್ತಾರೆ.  ಹಾಲಿಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಕುಂಡದಲ್ಲಿ ಆ ಹಾಲು ಎಂದರೆ ಕಾಂಪೋಸ್ಟ್.

ಬೆಲ್ಲ ಯಾವ ಜೀವಿಗೆ ಊಟ?

ಬೆಲ್ಲಕ್ಕೆ ಒಳ್ಳೆಯ, ಕೆಟ್ಟ ಬ್ಯಾಕ್ಟೀರಿಯಾಗಳ ವ್ಯತ್ಯಾಸ ಗೊತ್ತಿಲ್ಲ. ಆರೋಗ್ಯವಂತ ಹಸುವಿನ ಸೆಗಣಿಯಲ್ಲೂ ಇ. ಕೊಲೈ ಇರುತ್ತದೆ. ಅದರ ಕೆಲವು ತಳಿಗಳು ಮನುಷ್ಯರಿಗೆ ರಕ್ತಭೇದಿ ತರಬಲ್ಲವು. ಚಿಕ್ಕ ಮಕ್ಕಳಲ್ಲಿ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು.

2004ರಲ್ಲಿ ಅಮೆರಿಕದ ಸಂಶೋಧಕರು ಕಾಂಪೋಸ್ಟ್ ಟೀಗೆ ಕಾಕಂಬಿ ಸೇರಿಸಿ ಪರೀಕ್ಷಿಸಿದರು. ಕಾಕಂಬಿ ಹೆಚ್ಚಿದಂತೆ ಇ. ಕೊಲೈ ಮತ್ತು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳೂ ಹೆಚ್ಚಿದವು. ಕಾಕಂಬಿ ಇಲ್ಲದಾಗ ಅವು ಮತ್ತೆ ಬೆಳೆಯಲಿಲ್ಲ. ಕಾಕಂಬಿಯೂ ಬೆಲ್ಲವೂ ಕಬ್ಬಿನ ಸಕ್ಕರೆಯ ರೂಪಗಳೇ.

ಅಮೆರಿಕದ ಸಾವಯವ ಕೃಷಿ ನಿಯಮದಲ್ಲಿ ಆಹಾರ ಬೆಳೆಗೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ ಕನಿಷ್ಠ 90 ದಿನ ಬಿಡಬೇಕು. ತಿನ್ನುವ ಭಾಗ ಮಣ್ಣಿಗೆ ತಾಗುವಂತಿದ್ದರೆ 120 ದಿನ. ಅಡುಗೆಮನೆ ಕಿಟಕಿಯ ಕೊತ್ತಂಬರಿಯನ್ನು ಇಂದು ಸಿಂಪಡಿಸಿ ನಾಳೆ ಚಟ್ನಿಗೆ ಕೀಳುತ್ತೇವೆ. ಬೇಯಿಸದೆ ತಿನ್ನುವ ಸೊಪ್ಪಿಗೆ ಸೆಗಣಿ-ಬೆಲ್ಲದ ನೀರು ಖಂಡಿತ ಬೇಡ.

ಹಾಗಾದರೆ ಟೀ ಮಾಡಲೇಬಾರದೇ?

ಮಾಡಬಹುದು, ಬೆಲ್ಲ ಮತ್ತು ಹಸಿ ಸೆಗಣಿ ಬಿಟ್ಟು. 1 ಲೋಟ ಮಾಗಿದ ಎರೆಹುಳು ಗೊಬ್ಬರವನ್ನು ತೆಳು ಬಟ್ಟೆಯಲ್ಲಿ ಕಟ್ಟಿ 10 ಲೋಟ ನೀರಿನಲ್ಲಿ ಒಂದು ದಿನ ನೆನೆಸಿ. ನಡುವೆ ನಾಲ್ಕಾರು ಸಲ ಕಲಕಿ. ನಲ್ಲಿ ನೀರಾದರೆ ಮೊದಲೇ ಒಂದು ದಿನ ತೆರೆದಿಡಿ. ತಿಳಿ ಚಹಾದ ಬಣ್ಣ ಬಂದ ನೀರನ್ನು ಅಂದೇ ಮಣ್ಣಿಗೆ ಹಾಕಿ, ಎಲೆಗೆ ಬೇಡ. ನೀರು ಹಾಕುವ ದಿನ ನೀರಿನ ಬದಲು ಇದು, ತಿಂಗಳಿಗೊಮ್ಮೆ ಸಾಕು.

ರೋಗ ತಡೆಯುವ ವಿಷಯದಲ್ಲಿ ಸಂಶೋಧನೆಗಳ ಫಲಿತಾಂಶ ಒಂದೇ ರೀತಿ ಇಲ್ಲ. ಕೆಲವು ಪ್ರಯೋಗಗಳಲ್ಲಿ ಉಪಯೋಗ ಕಂಡಿದೆ, ಕೆಲವದರಲ್ಲಿ ಇಲ್ಲ. ನೀವು ಟೀಗೆ ಬಳಸುವ ಗೊಬ್ಬರವನ್ನು ಮೇಲುಮಣ್ಣಿಗೆ ಅರ್ಧ ಇಂಚು ಹರಡಿದರೂ ಪ್ರತಿ ಸಲ ನೀರು ಹಾಕುವಾಗ 'ಟೀ' ತಾನೇ ಇಳಿಯುತ್ತದೆ. ಕೆಲಸವೂ ಕಡಿಮೆ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

*ಕುಡಿದು ಉಳಿದ ಚಹಾ ಹಾಕಬಹುದೇ?*
ಬೇಡ. ಕಾಂಪೋಸ್ಟ್ ಟೀಗೂ ಚಹಾಕ್ಕೂ ಹೆಸರಷ್ಟೇ ಒಂದು. ಹಾಲು, ಸಕ್ಕರೆ ಇರುವೆ-ನೊಣಗಳನ್ನು ಕರೆಯುತ್ತವೆ. ತೊಳೆದ ಚಹಾ ಚರಟವನ್ನು ಕಾಂಪೋಸ್ಟ್ ಬುಟ್ಟಿಗೆ ಹಾಕಿ.

*ಮಣ್ಣಿನ ಮೇಲೆ ಬಿಳಿ ಬೂಜು ಬಂದಿದೆ, ಗಿಡ ಸಾಯುತ್ತದೆಯೇ?*
ಸಾಮಾನ್ಯವಾಗಿ ಅದು ಕಾಂಪೋಸ್ಟ್ ಕೊಳೆಸುವ ಶಿಲೀಂಧ್ರ, ಗಿಡಕ್ಕೆ ತೊಂದರೆ ಇಲ್ಲ. ಮೇಲುಮಣ್ಣು ಕೆದಕಿ, ನೀರು ಕಡಿಮೆ ಮಾಡಿ.

*ಸಣ್ಣ ನೊಣ ಬಂದರೆ?*
ಅವುಗಳ ಮರಿಹುಳು ಒದ್ದೆ ಮೇಲುಮಣ್ಣಿನಲ್ಲಿ ಬೆಳೆಯುತ್ತವೆ. ಮೇಲಿನ ಒಂದೆರಡು ಇಂಚು ಒಣಗಿದ ಮೇಲೆಯೇ ನೀರು ಹಾಕಿ. ಹಳದಿ ಅಂಟು ಹಾಳೆ ಇಡಿ.

*ಬಾಟಲಿಯಲ್ಲಿ ಮುಚ್ಚಿಡಬಹುದೇ?*
ಬೇಡ. ಬೆಲ್ಲ ಹಾಕಿದ ದ್ರಾವಣ ಹುದುಗಿ ಅನಿಲ ಬಿಡುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿ ಸಿಡಿಯಬಹುದು.

*ಕೈಗವಸು ಬೇಕೇ?*
ಹೌದು. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣು, ಸೆಗಣಿಯಲ್ಲಿ ಇರುತ್ತವೆ. ಕೈಗೆ ಗಾಯವಿದ್ದರೆ ಮಣ್ಣು ಮುಟ್ಟಬೇಡಿ, ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಒಣ ಕಾಂಪೋಸ್ಟಿನ ಧೂಳು ಉಸಿರಿಗೆ ಹೋಗದಂತೆ ಮೊದಲು ನೀರು ಚಿಮುಕಿಸಿ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಈ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

ಜೀವಾಮೃತದ ವಿಡಿಯೋ ಬಂದರೆ ಅದು ಹೊಲಕ್ಕೆ ಹೇಳಿದ್ದೋ ಕುಂಡಕ್ಕೆ ಹೇಳಿದ್ದೋ ನೋಡಿ. ತಿನ್ನುವ ಸೊಪ್ಪಿನ ಮೇಲೆ ಸಿಂಪಡಿಸಿ ಎಂದಿದ್ದರೆ ಮುಂದೆ ಕಳಿಸಬೇಡಿ. ಮನೆಯೊಳಗಿನ ಗಿಡ ಹಳದಿಯಾಗಿದ್ದರೆ ಬಕೆಟ್ ಹಿಡಿಯುವ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಅತಿ ನೀರು, ಕಡಿಮೆ ಬೆಳಕು, ಗಟ್ಟಿ ಮಣ್ಣು, ಈ ಮೂರರಲ್ಲಿ ಒಂದು ಕಾರಣ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು.