ಬೆಳೆಗುರುತುಗಳಿಂದ ಪ್ರಾಚೀನ ದನದೊಡ್ಡಿ ಹಾಗೂ ಕೃಷಿ ಆವರಣಗಳನ್ನು ಗುರುತಿಸುವಿಕೆ

ಭೂಮಿಯಲ್ಲಿ ಒಮ್ಮೆ ತೋಡಿದ ಗುಂಡಿಯು ಮುಚ್ಚಿಹೋಗಿ ನೂರಾರು ವರ್ಷಗಳು ಸಂದರೂ ಅಲ್ಲಿಯ ಮಣ್ಣು ಸುತ್ತಲಿನ ಮಣ್ಣಿನೊಡನೆ ಪೂರ್ಣವಾಗಿ ಒಂದಾಗುವುದಿಲ್ಲ. ಈ ವ್ಯತ್ಯಾಸವು ಮೇಲೆ ಬೆಳೆದ ಪೈರಿನ ಎತ್ತರ, ಬಣ್ಣ ಹಾಗೂ ಮಾಗುವ ಕಾಲದಲ್ಲಿ ವ್ಯಕ್ತವಾಗುತ್ತದೆ. ಇದನ್ನೇ ಬೆಳೆಗುರುತು ಎಂದು ಕರೆಯಲಾಗುತ್ತದೆ. ಬದುವಿನ ಮೇಲೆ ನಿಂತವರ ಕಣ್ಣಿಗೆ ಬೀಳದ ಇಂತಹ ಗುರುತು ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ ವೃತ್ತ, ಚೌಕ ಅಥವಾ ಗೆರೆಯ ಆಕಾರವನ್ನು ತಾಳುತ್ತದೆ.

ಗುರುತು ಮೂಡುವ ಬಗೆ

ಹೂಳು ತುಂಬಿದ ಹಳೆಯ ಕಂದಕದಲ್ಲಿ ಮಣ್ಣು ಆಳವಾಗಿದ್ದು ತೇವವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಅದರ ಮೇಲಿನ ಪೈರು ಎತ್ತರವಾಗಿ, ಕಡುಹಸಿರಾಗಿ ಬೆಳೆದು ತಡವಾಗಿ ಮಾಗುತ್ತದೆ. ಕಲ್ಲಿನ ತಳಪಾಯ ಅಥವಾ ತುಳಿದು ಗಟ್ಟಿಯಾದ ನೆಲದ ಮೇಲಿನ ಪೈರು ಗಿಡ್ಡವಾಗಿ ಬೇಗನೆ ಹಳದಿಗೆ ತಿರುಗುತ್ತದೆ. ಮಳೆ ಸಮೃದ್ಧವಾಗಿದ್ದ ವರ್ಷ ಎರಡೂ ಕಾಣುವುದಿಲ್ಲ. ಆದುದರಿಂದ ರೈತನಿಗೆ ಕೆಟ್ಟದಾದ ವರ್ಷವೇ ಪುರಾತತ್ತ್ವಜ್ಞನಿಗೆ ಒಳ್ಳೆಯ ವರ್ಷವಾಗಿರುವುದು ಈ ಶಾಸ್ತ್ರದ ಒಂದು ವಿಪರ್ಯಾಸವಾಗಿದೆ. 2018ರ ಬೇಸಿಗೆಯ ಬರದಲ್ಲಿ ಐರ್ಲೆಂಡಿನ ಬಾಯ್ನ್ ಕಣಿವೆಯ ನ್ಯೂಗ್ರೇಂಜ್ ಸಮೀಪದ ಹೊಲವೊಂದರಲ್ಲಿ ಅದುವರೆಗೆ ತಿಳಿಯದಿದ್ದ ಬೃಹತ್ ವೃತ್ತಾಕಾರದ ಆವರಣವೊಂದು ಡ್ರೋನ್ ಚಿತ್ರಗಳಲ್ಲಿ ಗೋಚರಿಸಿತು.

ಬ್ರಿಟನ್ನಿನಲ್ಲಿ 1906ರಲ್ಲಿ ಸ್ಟೋನ್‌ಹೆಂಜ್‌ನ ಚಿತ್ರವನ್ನು ಬಲೂನಿನಿಂದ ತೆಗೆಯಲಾಯಿತು. ಮೊದಲ ಮಹಾಯುದ್ಧದ ನಂತರ ಓ.ಜಿ.ಎಸ್. ಕ್ರಾಫರ್ಡ್ ಅವರು ವಿಮಾನ ಛಾಯಾಚಿತ್ರಗಳಿಂದ ಪ್ರಾಚೀನ ಹೊಲಗಳ ಎಲ್ಲೆಗಳನ್ನು ಗುರುತಿಸುವ ಕ್ರಮಬದ್ಧ ವಿಧಾನವನ್ನು ರೂಪಿಸಿ, 1928ರಲ್ಲಿ ಅಲೆಗ್ಸಾಂಡರ್ ಕೀಲರ್ ಅವರೊಡನೆ ಈ ಕುರಿತ ಗ್ರಂಥವನ್ನು ಪ್ರಕಟಿಸಿದರು.

ಕರ್ನಾಟಕದ ಪ್ರಾಚೀನ ದನದೊಡ್ಡಿಗಳು

ದಕ್ಷಿಣ ಭಾರತದ ಅತ್ಯಂತ ಹಳೆಯ ಕೃಷಿ ಆವರಣಗಳೆಂದರೆ ನವಶಿಲಾಯುಗದ ದನದೊಡ್ಡಿಗಳು. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿಯೂ ನೆರೆಯ ತೆಲಂಗಾಣ ಹಾಗೂ ಆಂಧ್ರಪ್ರದೇಶಗಳಲ್ಲಿಯೂ ಕಂಡುಬರುವ ಬೂದಿದಿಬ್ಬಗಳು ಇವುಗಳ ಅವಶೇಷಗಳಾಗಿವೆ. ಈ ದಿಬ್ಬಗಳು ಜ್ವಾಲಾಮುಖಿಯಿಂದ ಆದವು, ಕಬ್ಬಿಣ ಕರಗಿಸಿದ ಕಿಟ್ಟದಿಂದ ಆದವು ಎಂಬ ವಾದಗಳು ಹಿಂದೆ ಇದ್ದವು. ಕುಡತಿನಿ ದಿಬ್ಬದ ಬೂದಿಯು ಸುಟ್ಟ ಸಗಣಿಯೆಂಬುದನ್ನು ಎಫ್.ಇ. ಝಾಯ್ನರ್ ಅವರು 1960ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ದೃಢಪಡಿಸಿತು. ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್ ಅವರು 1957ರಲ್ಲಿ ನಡೆಸಿದ ಉತ್ಖನನದಲ್ಲಿ ಮರದ ಕಂಬಗಳನ್ನು ನೆಟ್ಟ ಕುಳಿಗಳ ಸಾಲು ಹಾಗೂ ದನಗಳ ಗೊರಸಿನ ಗುರುತುಗಳು ದೊರೆತವು. ಸುರಪುರ ಪ್ರದೇಶದ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1989ರಿಂದ ಹಲವು ಋತುಗಳ ಕಾಲ ಉತ್ಖನನ ನಡೆಸಿ, ದೊಡ್ಡಿಯ ಪಕ್ಕದಲ್ಲಿಯೇ ವಾಸದ ನೆಲೆ, ದನಗಳನ್ನು ಕಡಿಯುವ ಜಾಗ ಹಾಗೂ ಕಲ್ಲಿನ ಅಲಗುಗಳನ್ನು ತಯಾರಿಸುವ ಜಾಗ ಇದ್ದುದನ್ನು ತೋರಿಸಿದರು.

ಇಲ್ಲಿ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಯುರೋಪಿನ ಆವರಣಗಳು ಕಂದಕದಿಂದ ಸುತ್ತುವರಿದಿದ್ದುದರಿಂದ ಅಲ್ಲಿಯ ಬೆಳೆಗುರುತು ಸ್ಪಷ್ಟವಾದ ಗೆರೆಯಾಗಿರುತ್ತದೆ. ನಮ್ಮ ದೊಡ್ಡಿಗಳ ಬೇಲಿಯು ಮುಳ್ಳು ಅಥವಾ ಮರದ್ದು. ಅದು ಬಹುತೇಕ ಏನನ್ನೂ ಉಳಿಸುವುದಿಲ್ಲ, ಉಳಿಯುವುದು ಸಗಣಿ. ಸಗಣಿಯಿಂದ ಮಣ್ಣಿಗೆ ಸೇರಿದ ರಂಜಕವು ಸುಲಭವಾಗಿ ತೊಳೆದುಹೋಗದು. ಹೀಗಾಗಿ ಇಲ್ಲಿ ಹುಡುಕಬೇಕಾದುದು ಗೆರೆಯನ್ನಲ್ಲ, ಅಂಚು ಮಸುಕಾದ ಕಡುಹಸಿರು ತೇಪೆಯನ್ನು. ನೈಋತ್ಯ ಕೀನ್ಯಾದ ಹುಲ್ಲುಗಾವಲುಗಳಲ್ಲಿ ಸುಮಾರು 1,500ರಿಂದ 3,700 ವರ್ಷಗಳಷ್ಟು ಹಳೆಯ ದನಗಾಹಿಗಳ ನೆಲೆಗಳು ಇಂದಿಗೂ ಸಮೃದ್ಧ ಹುಲ್ಲಿನ ತೇಪೆಗಳಾಗಿ ಉಪಗ್ರಹ ಚಿತ್ರಗಳಲ್ಲಿ ಕಾಣುತ್ತವೆಯೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿದೆ. ಯುರೋಪಿನ ಉದಾಹರಣೆಗಳಿಗಿಂತ ಈ ಉದಾಹರಣೆಯೇ ನಮ್ಮ ಪ್ರದೇಶಕ್ಕೆ ಹೆಚ್ಚು ಉಪಯುಕ್ತವೆನ್ನಬಹುದು.

ಹಾರನಹಳ್ಳಿ ಸುತ್ತಿನ ಪ್ರದೇಶ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹಾಗೂ ಸುತ್ತಲಿನ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಬೂದಿದಿಬ್ಬಗಳ ಮುಖ್ಯ ವಲಯಕ್ಕೆ ಸೇರಿಲ್ಲ. ಆದರೆ ಕಾವೇರಿ ಹಾಗೂ ಕಪಿಲಾ ನದಿಗಳ ಸಂಗಮದ ತಿರುಮಕೂಡಲು ನರಸೀಪುರದಲ್ಲಿ ನವಶಿಲಾಯುಗದ ನೆಲೆಯನ್ನು ಉತ್ಖನನ ಮಾಡಲಾಗಿದ್ದು, ಈ ನದಿಗಳ ಮೇಲ್ಭಾಗದ ದಂಡೆಗಳನ್ನು ಗಮನದಿಂದ ನೋಡಲು ಅದು ಸಾಕಷ್ಟು ಕಾರಣವಾಗಿದೆ. ದನ ಸಾಕಣೆಯ ಇತಿಹಾಸವಂತೂ ಇಲ್ಲಿ ದೀರ್ಘವಾದುದು. ತುರುಗಳನ್ನು ಮರಳಿ ತರಲು ಹೋರಾಡಿ ಮಡಿದವರ ವೀರಗಲ್ಲುಗಳು ಹಳೆಯ ಮೈಸೂರು ಸೀಮೆಯಲ್ಲಿ ಅನೇಕವಿವೆ. ಮೈಸೂರು ಅರಸರ ಕಾಲದ ಬೆಣ್ಣೆಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. 19ನೇ ಶತಮಾನದಲ್ಲಿ ಹುಣಸೂರು ಈ ಇಲಾಖೆಯ ಕೇಂದ್ರಸ್ಥಾನವಾಗಿತ್ತು. ಆದುದರಿಂದ ಇಲ್ಲಿ ಕಾಣುವ ತೇಪೆಯೊಂದು ನಾಲ್ಕು ಸಾವಿರ ವರ್ಷಗಳ ಹಿಂದಿನದೂ ಆಗಿರಬಹುದು, ನೂರೈವತ್ತು ವರ್ಷಗಳ ಹಿಂದಿನದೂ ಆಗಿರಬಹುದು. ಛಾಯಾಚಿತ್ರವೊಂದರಿಂದಲೇ ಕಾಲನಿರ್ಣಯ ಸಾಧ್ಯವಿಲ್ಲ.

ಈ ಭಾಗದ ಕೆಂಪು ಮರಳುಮಿಶ್ರಿತ ಮಣ್ಣು ತೇವವನ್ನು ಬೇಗ ಬಿಟ್ಟುಕೊಡುವುದರಿಂದ ಗುರುತು ಮೂಡಲು ಅನುಕೂಲಕರವಾಗಿದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಏನೂ ಕಾಣದು. ಹೊಗೆಸೊಪ್ಪನ್ನು ಅಂತರ ಬಿಟ್ಟು ನೆಡುವುದರಿಂದ ಅದರಲ್ಲಿಯೂ ಗುರುತು ಚೆದರಿಹೋಗುತ್ತದೆ. ಒತ್ತಾಗಿ ಬೆಳೆಯುವ ರಾಗಿ, ಮತ್ತು ಹೊಗೆಸೊಪ್ಪಿನ ನಂತರ ಉಳಿದ ತೇವದಲ್ಲಿಯೇ ಬೆಳೆಯುವ ಹುರುಳಿ ಉತ್ತಮ ಸಾಕ್ಷಿಗಳು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮೋಡದ ಅಡ್ಡಿಯಿರುವುದರಿಂದ, ಮಳೆ ಹಿಂದೆಗೆದ ಮೇಲೆ ಪೈರು ಮಾಗುವ ನವೆಂಬರ್ ಸುಮಾರಿನ ಚಿತ್ರಗಳನ್ನು ಮೊದಲು ನೋಡುವುದು ಸೂಕ್ತ. ಬೇರೆ ಬೇರೆ ವರ್ಷಗಳ ಚಿತ್ರಗಳಲ್ಲಿ, ಬೇರೆ ಬೇರೆ ಬೆಳೆಗಳಲ್ಲಿ ಅದೇ ಜಾಗದಲ್ಲಿ ಕಾಣಿಸಿಕೊಳ್ಳುವ ಗುರುತನ್ನು ಮಾತ್ರ ಪರಿಗಣಿಸಬೇಕು.

ತಪ್ಪು ತಿಳಿವಳಿಕೆಗೆ ಎಡೆಗೊಡುವ ಗುರುತುಗಳು

ವೃತ್ತಾಕಾರದ ಗುರುತುಗಳಲ್ಲಿ ಅನೇಕವು ಹಳೆಯ ಕಣಗಳಾಗಿರುತ್ತವೆ. ಸಗಣಿ ಸಾರಿಸಿ, ದನಗಳಿಂದ ತುಳಿಸಿ, ರೋಣಗಲ್ಲು ಹೊಡೆದು ಗಟ್ಟಿಯಾದ ನೆಲದಲ್ಲಿ ಪೈರು ಬಡವಾಗುತ್ತದೆ. ನಡುವೆ ಮೇಟಿ ನೆಟ್ಟ ಕುಳಿಯಲ್ಲಿ ಒಂದು ಹಸಿರು ಚುಕ್ಕೆ ಉಳಿದರೆ ಅದು ಕಣವೆಂಬುದರಲ್ಲಿ ಸಂದೇಹವಿಲ್ಲವೆನ್ನಬಹುದು. ರಾಗಿ ತುಂಬಿಡುತ್ತಿದ್ದ ಹಗೇವುಗಳು ಮುಚ್ಚಿಹೋದ ಮೇಲೆ ಕಡುಬಣ್ಣದ ಬಿಂದುಗಳಂತೆ ತೋರುತ್ತವೆ. ಇವು ಕೃಷಿ ಇತಿಹಾಸದ ದೃಷ್ಟಿಯಿಂದ ತಮ್ಮಷ್ಟಕ್ಕೆ ಬೆಲೆಯುಳ್ಳವೇ ಆಗಿವೆ. ತಿಪ್ಪೆಗುಂಡಿ, ಹುತ್ತ, ಕಿತ್ತುಹಾಕಿದ ಬದು, ನೀರಿನ ಕೊಳವೆ ಹೂಳಿದ ಸಾಲು, ಕೆಡವಿದ ಹೊಗೆಸೊಪ್ಪಿನ ಬ್ಯಾರನ್ ಇವುಗಳ ಜಾಗಗಳೂ ಗುರುತು ಮೂಡಿಸುತ್ತವೆ. ಊರಿನ ಹಿರಿಯರನ್ನು ವಿಚಾರಿಸಿದರೆ ಇಂತಹ ಸಂದೇಹಗಳಲ್ಲಿ ಹೆಚ್ಚಿನವು ಅಲ್ಲಿಯೇ ಪರಿಹಾರವಾಗುತ್ತವೆ. ಗ್ರಾಮ ನಕಾಶೆ ಹಾಗೂ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳೆಂದು ನಮೂದಾಗಿರುವ ಹಾಳೂರುಗಳನ್ನು ಸಹ ತಾಳೆ ನೋಡಬೇಕು.

ಸ್ಥಳ ಪರಿಶೀಲನೆ

ಗುರುತು ಕಂಡ ಹೊಲದಲ್ಲಿ ಉಳುಮೆಯ ನಂತರ ನಡೆದು ನೋಡಿದಾಗ ಮಡಕೆ ಚೂರು, ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿ, ಬೂದಿಬಣ್ಣದ ಮಣ್ಣು ಇವೆಯೇ ಎಂಬುದನ್ನು ಗಮನಿಸಲಾಗುತ್ತದೆ. ತೇಪೆಯ ಒಳಗಿನ ಹಾಗೂ ಹೊರಗಿನ ಮಣ್ಣಿನ ಮಾದರಿಗಳಲ್ಲಿ ರಂಜಕದ ಪ್ರಮಾಣವನ್ನು ಹೋಲಿಸಲಾಗುತ್ತದೆ. ಇತ್ತೀಚೆಗೆ ಹಾಕಿದ ಗೊಬ್ಬರವು ಮೇಲ್ಮಣ್ಣಿನ ಫಲಿತಾಂಶವನ್ನು ಕೆಡಿಸುವುದರಿಂದ ಉಳುಮೆಯ ಪದರಕ್ಕಿಂತ ಕೆಳಗಿನ ಮಾದರಿಯನ್ನು ಪಡೆಯುವುದು ಅವಶ್ಯಕ.

ಬಳ್ಳಾರಿ ಭಾಗದ ಬೂದಿದಿಬ್ಬಗಳ ಮಣ್ಣನ್ನು ಗೊಬ್ಬರಕ್ಕೆಂದು ಬಹುಕಾಲದಿಂದ ಸಾಗಿಸಲಾಗಿದ್ದು, ಅವುಗಳಲ್ಲಿ ಅನೇಕವು ಹಾಳಾಗಿವೆ. ದಿಬ್ಬವಿಲ್ಲದೆ ಮಣ್ಣಿನ ಬಣ್ಣದಲ್ಲಷ್ಟೇ ಉಳಿದಿರುವ ನೆಲೆಗಳು ಇನ್ನೂ ದುರ್ಬಲ. ಜೆಸಿಬಿ ಯಂತ್ರದಿಂದ ಹೊಲವನ್ನು ಒಂದು ದಿನ ಸಮತಟ್ಟು ಮಾಡಿದರೆ ಅವು ಅಳಿಸಿಹೋಗುತ್ತವೆ. ಹೊಲವನ್ನು ಸಮತಟ್ಟು ಮಾಡುವ ಮೊದಲು ಅಲ್ಲಿಯ ಬೂದಿಮಣ್ಣು ಅಥವಾ ಮಡಕೆ ಚೂರುಗಳ ವಿಷಯವನ್ನು ತಾಲ್ಲೂಕು ತಹಶೀಲ್ದಾರರಿಗೆ ಅಥವಾ ಮೈಸೂರಿನಲ್ಲಿರುವ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಬೇಕೆಂದು ರೈತರಲ್ಲಿ ಕೋರಲಾಗಿದೆ. ತಿಳಿಸುವಾಗ ಸರ್ವೆ ನಂಬರು, ಬೆಳೆ, ಗುರುತು ಕಂಡ ತಿಂಗಳು ಹಾಗೂ ಸಾಧ್ಯವಿದ್ದರೆ ಚಿತ್ರವನ್ನು ಒದಗಿಸಬಹುದು. ಸ್ವತಃ ಅಗೆಯಬಾರದು. ಡ್ರೋನ್ ಬಳಸುವವರು 2021ರ ಡ್ರೋನ್ ನಿಯಮಗಳನ್ನು ಪಾಲಿಸಬೇಕು, ಹೊಲದ ಮಾಲೀಕರ ಒಪ್ಪಿಗೆಯನ್ನೂ ಪಡೆದಿರಬೇಕು.